ಹೊಂಡ ನಿಮ್ಮದು, ಹೊಳೆ ನಿಮ್ಮದಲ್ಲ

ಪುಣೆಯಲ್ಲಿ ನಾಲ್ಕು ಜನ ಕನ್ನಡದವರು ಒಂದು ಕಡೆ ಸೇರಿದರೆ ಮಾತು ಎರಡೇ ವಿಷಯಕ್ಕೆ ಬಂದು ನಿಲ್ಲುತ್ತೆ. ಒಂದು, ಮಗ ಯಾವ ದೇಶದಲ್ಲಿದ್ದಾನೆ. ಎರಡು, ಊರಲ್ಲೋ ಮುಳಶಿ ಕಡೆಯೋ ತಗೊಂಡ ಜಮೀನಿನಲ್ಲಿ ಏನು ಮಾಡಿಸ್ತಿದ್ದೀರಿ. ಜಮೀನು ಅಂದಮೇಲೆ ಹೊಂಡ, ಹೊಂಡ ಅಂದಮೇಲೆ ಮೀನು. "ಒಂದೈದು ಸಾವಿರ ಮರಿ ತಂದು ಬಿಟ್ಟುಬಿಡ್ರಿ, ತಾವೇ ಬೆಳೀತಾವೆ" ಅನ್ನೋ ಸಲಹೆ ಪುಕ್ಕಟೆ. ಮೀನು ತಿನ್ನದವರೂ ಕೊಡ್ತಾರೆ!

ಮೀನು ಸಾಕಬೇಡಿ ಅಂತ ನಾನು ಹೇಳ್ತಿಲ್ಲ. ರೈತನಿಗೆ ನಾಲ್ಕು ಕಾಸು ಬರೋದಾದರೆ ಯಾಕೆ ಬೇಡ? ನನ್ನ ತಕರಾರು ಇಷ್ಟೇ. ಮರಿ ಯಾವ ಜಾತಿ, ಎಲ್ಲಿ ಹುಟ್ಟಿದ್ದು, ಎಷ್ಟು ದೊಡ್ಡದು, ಹೇಗೆ ಬಂತು ಅನ್ನೋದು ಗೊತ್ತಿಲ್ಲದೆ ನೀರಿಗೆ ಬಿಡೋದು ತಪ್ಪು. ಮಾರೋನು ಹೇಳಲ್ಲ, ಕೊಳ್ಳೋನು ಕೇಳಲ್ಲ, ಸಾಲ ಕೊಡೋ ಬ್ಯಾಂಕು ನೋಡಲ್ಲ. ಮೂವರೂ ಸೇರಿ ಮಾಡೋ ತಪ್ಪು ಇದು.

ಜೋಳದ ಬೀಜದ ಚೀಲ ನೋಡಿರ್ತೀರಿ. ಅದರ ಮೇಲೆ ತಳಿಯ ಹೆಸರು, ಲಾಟ್ ನಂಬರು, ಮೊಳಕೆ ಪ್ರಮಾಣ, ಶುದ್ಧತೆ, ಪರೀಕ್ಷೆ ಮಾಡಿದ ತಾರೀಖು ಎಲ್ಲ ಇರುತ್ತೆ. ಅದು 1966ರ ಬೀಜ ಕಾಯ್ದೆಯ ಫಲ. ಮೀನಿನ ಮರಿಗೂ ನಾವು ಬಿತ್ತನೆ ಅಂತಲೇ ಕರೀತೀವಿ, ಆದರೆ ಆ ಕಾಯ್ದೆಯ ವ್ಯಾಖ್ಯೆಯೊಳಗೆ ಮೀನಿಲ್ಲ. ಹಾಗಾಗಿ ಮೀನುಮರಿ ಬರೋದು ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ. ಬಿಲ್ಲು ಕೇಳಿದರೆ ಒಂದು ಚೀಟಿ ಬರುತ್ತೆ, ಅದರಲ್ಲಿ "ಮೀನು ಬೀಜ, 5000" ಅಂತ ಒಂದೇ ಸಾಲು. ಯಾವ ಮೀನು ಸ್ವಾಮಿ? ದೇವರೇ ಬಲ್ಲ.

ಈ ವ್ಯಾಪಾರಕ್ಕೆ ಒಂದು ಚರಿತ್ರೆ ಇದೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಹಾಕಲ್ಲ, ಅವಕ್ಕೆ ಮಳೆಗಾಲದ ಹರಿಯೋ ಹೊಳೆ ಬೇಕು. ಹಾಗಾಗಿ ಹಿಂದೆ ಹೊಳೆಯಲ್ಲಿ ಬಲೆ ಕಟ್ಟಿ ಸಿಕ್ಕಿದ ಮರಿಯನ್ನೆಲ್ಲ ಹಿಡೀತಿದ್ದರು. ಬೇಕಾದ ಮೀನಿನ ಜೊತೆ ಬೇಡದ್ದೂ ಬರ್ತಿತ್ತು. ಬಂಗಾಳದಿಂದ ಮಣ್ಣಿನ ಹಂಡಿಗಳಲ್ಲಿ ತುಂಬಿ ರೈಲಿನಲ್ಲಿ ಒಯ್ಯೋರು. ಮರಿಗೆ ಉಸಿರು ಕಟ್ಟದಂತೆ ದಾರಿಯುದ್ದಕ್ಕೂ ಮನುಷ್ಯ ಕೂತು ಕೈಯಿಂದ ನೀರು ಕಲಕ್ತಿದ್ದ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಗ್ರಂಥಿಯ ರಸ ಚುಚ್ಚಿ ಈ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದಕ್ಕೇ ಜುಲೈ 10ನ್ನು ಮೀನು ಕೃಷಿಕರ ದಿನ ಅಂತ ಆಚರಿಸ್ತಾರೆ. ಯಾವ ತಾಯಿ, ಯಾವ ತಂದೆ, ಯಾವ ದಿನ ಹುಟ್ಟಿದ ಮರಿ ಅಂತ ಹೇಳೋದು ಅವತ್ತಿನಿಂದ ಸಾಧ್ಯ ಆಯಿತು. ಸಾಧ್ಯ ಆಗಿ ಇಷ್ಟು ವರ್ಷ ಆದಮೇಲೂ ಹೇಳೋದಿಲ್ಲ ಅಂದರೆ ಅದು ಅಜ್ಞಾನ ಅಲ್ಲ, ಮೋಸ.

ಈಗ ಲೆಕ್ಕಕ್ಕೆ ಬರೋಣ. ಬಿ.ಕಾಂ. ಓದಿದವನಿಗೆ ಬರೋದು ಅದೊಂದೇ. ಮಿಶ್ರ ಮೀನು ಸಾಕಣೆಯಲ್ಲಿ ಸಾಮಾನ್ಯವಾಗಿ ಹೇಳೋ ಪ್ರಮಾಣ ಹೆಕ್ಟೇರಿಗೆ ಸುಮಾರು 5000 ಬೆರಳುದ್ದದ ಮರಿ. ಮಹಾರಾಷ್ಟ್ರದಲ್ಲಿ 2016ರಲ್ಲಿ "ಮಾಗೇಲ್ ತ್ಯಾಲಾ ಶೇತತಳೆ" ಯೋಜನೆ ಬಂತು, ಕರ್ನಾಟಕದಲ್ಲಿ ಅದಕ್ಕೂ ಮೊದಲು 2014ರಲ್ಲಿ "ಕೃಷಿ ಭಾಗ್ಯ" ಬಂದಿತ್ತು. ಊರೂರಲ್ಲಿ ಹೊಂಡ ಆದವು, ಸಂತೋಷ. ಅಂಥ ಒಂದು ಹೊಂಡ 30 ಮೀಟರ್ ಉದ್ದ, 30 ಮೀಟರ್ ಅಗಲ ಅಂತ ಹಿಡಿಯಿರಿ. 900 ಚದರ ಮೀಟರ್ ಆಯಿತು, ಅಂದರೆ 450 ಮರಿ ಸಾಕು. ಅದಕ್ಕೆ 5000 ಮಾರಿದವನು ಹನ್ನೊಂದು ಹೊಂಡದ ಮೀನನ್ನು ಒಂದೇ ಹೊಂಡಕ್ಕೆ ಸುರಿದ ಹಾಗಾಯಿತು. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಮ್ಮಿ ಇರುತ್ತೆ. ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾವೆ. ರೈತ "ಯಾರೋ ವಿಷ ಹಾಕಿದರು" ಅಂತ ಪಕ್ಕದ ಹೊಲದವನ ಮೇಲೆ ಜಗಳಕ್ಕೆ ಹೋಗ್ತಾನೆ.

"ಇಲ್ಲ ಸಾಹೇಬರೇ, ಅರ್ಧ ಸಾಯ್ತಾವೆ ಅಂತಲೇ ಜಾಸ್ತಿ ಕೊಡೋದು" ಅಂತಾರೆ ಮಾರೋರು. ಯಾಕೆ ಸಾಯ್ತಾವೆ? ಬೆರಳುದ್ದದ್ದು ಅಂತ ಹೇಳಿ ಒಂದು ಇಂಚಿನ ಮರಿ ಕೊಟ್ಟರೆ ಸಾಯದೆ ಏನು ಮಾಡ್ತಾವೆ? ಒಂದು ಇಂಚಿನದು ಕಪ್ಪೆಗೂ ತುತ್ತು, ನೀರುಹಾವಿಗೂ ತುತ್ತು. ಕೊಂಚ ದುಡ್ಡು ಉಳಿಸೋಕೆ ಹೋಗಿ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುತ್ತೆ.

ಸಾಗಾಟದ ಕಥೆ ಇನ್ನೂ ಚೆನ್ನಾಗಿದೆ. ಮರಿಗಳನ್ನು ಚೀಲಕ್ಕೆ ಹಾಕೋ ಮೊದಲು ಅವಕ್ಕೆ ಆಹಾರ ಕೊಡದೆ ಶುದ್ಧ ನೀರಿನಲ್ಲಿ ಒಟ್ಟಿಗೆ ಹಿಡಿದಿಡಬೇಕು, ಹೊಟ್ಟೆ ಖಾಲಿ ಆಗಬೇಕು. ಇಲ್ಲದಿದ್ದರೆ ದಾರಿಯಲ್ಲಿ ಅವುಗಳ ಹೊಲಸಿನಿಂದಲೇ ನೀರಿನಲ್ಲಿ ಅಮೋನಿಯ ಏರುತ್ತೆ. ಚೀಲದ ಮೂರರಲ್ಲಿ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ತಂಪು ಹೊತ್ತಿನಲ್ಲಿ ಪಯಣ. ದಾರಿಯಲ್ಲಿ ಚೀಲ ಬಿಚ್ಚಿ "ಗಾಳಿ ಆಡಲಿ" ಅನ್ನಬಾರದು. ಬಿಚ್ಚಿದರೆ ತುಂಬಿದ ಆಮ್ಲಜನಕವೂ ಹೋಗುತ್ತೆ, ಒಳಗಿದ್ದ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿ ಅಮೋನಿಯದ ವಿಷ ಇನ್ನೂ ಜೋರಾಗುತ್ತೆ. ಹೊಂಡಕ್ಕೆ ಬಂದಮೇಲೆ ಮುಚ್ಚಿದ ಚೀಲವನ್ನೇ ಹದಿನೈದು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಹೊಂಡದ ನೀರನ್ನು ಸ್ವಲ್ಪಸ್ವಲ್ಪ ಬೆರೆಸಿ, ಮರಿ ತಾನಾಗಿ ಈಜಿ ಹೋಗೋ ಹಾಗೆ ಬಾಗಿಸಬೇಕು. ಇದರಲ್ಲಿ ಒಂದು ರೂಪಾಯಿ ಹೆಚ್ಚಿನ ಖರ್ಚಿಲ್ಲ, ಬೇಕಾಗಿರೋದು ತಾಳ್ಮೆ. ಆದರೆ ಮಟಮಟ ಮಧ್ಯಾಹ್ನ ಟೆಂಪೋದಲ್ಲಿ ಬಂದು, ಚೀಲ ಹರಿದು, ಮೇಲಿಂದ ದಬಕ್ಕನೆ ಸುರಿದು, ದುಡ್ಡು ಎಣಿಸಿಕೊಂಡು ಹೋಗ್ತಾರೆ. ಸತ್ತ ಮರಿ ತೇಲೋ ಹೊತ್ತಿಗೆ ಟೆಂಪೋ ಹೆದ್ದಾರಿ ಮುಟ್ಟಿರುತ್ತೆ. ಬದುಕಿದ ಮರಿಗಳ ಜೊತೆ ಮೀನು ಹೇನು ಬಂದಿದ್ದರೆ ಅದೂ ನಿಮಗೆ ಬಳುವಳಿ.

ಇಷ್ಟೇ ಆಗಿದ್ದರೆ ನಷ್ಟ ನಿಮ್ಮದು, ನೀವುಂಟು ನಿಮ್ಮ ದುಡ್ಡುಂಟು ಅಂತ ಸುಮ್ಮನಿರ್ತಿದ್ದೆ. ನಾನು ಇಷ್ಟು ಉದ್ದ ಬರೀತಿರೋದು ಜಾತಿಯ ವಿಷಯಕ್ಕೆ.

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ 2000ದಲ್ಲೇ ನಿಷೇಧಿಸಿದೆ. ಹಸಿರು ನ್ಯಾಯಮಂಡಳಿ 2019ರಲ್ಲಿ ಕಟ್ಟುನಿಟ್ಟಾಗಿ ಹೇಳಿದ ಮೇಲೆ ಮಹಾರಾಷ್ಟ್ರದಲ್ಲಿ ಟನ್‌ಗಟ್ಟಲೆ ಈ ಮೀನನ್ನು ನಾಶ ಮಾಡಿದರು. ಆದರೂ ಮಾಂಗೂರ್ ಅನ್ನೋ ಹೆಸರಲ್ಲಿ ಇದು ಮಾರಾಟ ಆಗುತ್ತೆ. ನಮ್ಮ ದೇಶಿ ಮಾಗುರ್ ಹೆಸರನ್ನು ಇದಕ್ಕೆ ಅಂಟಿಸೋದು ಆ ಬಡಪಾಯಿ ಮೀನಿಗೆ ಮಾಡೋ ಅವಮಾನ. ಇದು ಕೊಳಕು ನೀರಲ್ಲೂ ಬದುಕುತ್ತೆ, ಕೋಳಿ ಅಂಗಡಿಯ ತ್ಯಾಜ್ಯ ತಿಂದು ಬೆಳೆಯುತ್ತೆ, ಗಾಳಿಯನ್ನೇ ನೇರವಾಗಿ ಉಸಿರಾಡುತ್ತೆ, ಒದ್ದೆ ನೆಲದ ಮೇಲೆ ತೆವಳಿ ಇನ್ನೊಂದು ನೀರಿಗೆ ಹೋಗುತ್ತೆ. ಸಿಕ್ಕಿದ ಮೀನು, ಕಪ್ಪೆ, ಮೊಟ್ಟೆ ಎಲ್ಲ ನುಂಗುತ್ತೆ. "ಬೇಗ ಬೆಳೆಯುತ್ತೆ, ಸಾಯೋದೇ ಇಲ್ಲ" ಅಂತ ಮಾರೋನು ಹೊಗಳ್ತಾನಲ್ಲ, ಆ ಹೊಗಳಿಕೆಯೇ ಅದರ ಮೇಲಿನ ಆರೋಪಪಟ್ಟಿ.

"ನನ್ನ ಹೊಂಡ, ನನ್ನ ಇಷ್ಟ" ಅಂತೀರಾ? ಮುಳಶಿಯಲ್ಲಿ ಬೀಳೋ ಮಳೆ ನಿಮ್ಮ ಸಾತ್‌ಬಾರಾ ಉತಾರ ನೋಡಿಕೊಂಡು ಹರಿಯಲ್ಲ. ಹೊಂಡ ಕೋಡಿ ಬಿದ್ದರೆ ನೀರು ಹಳ್ಳಕ್ಕೆ, ಹಳ್ಳದಿಂದ ಮುಳಾ ನದಿಗೆ, ಮುಳಾ-ಮುಠಾ ಆಗಿ ಭೀಮೆಗೆ, ಭೀಮೆಯಿಂದ ಉಜನಿಗೆ, ಅಲ್ಲಿಂದ ನಮ್ಮ ವಿಜಯಪುರ, ಕಲಬುರಗಿಗೆ. ಪುಣೆಯ ಫಾರ್ಮ್‌ಹೌಸಿನವನ ಹುಚ್ಚು ಭೀಮಾ ತೀರದ ಬೆಸ್ತರ ಬಲೆಗೆ ಬಂದು ಬೀಳುತ್ತೆ. ಅವರಿಗೆ ಯಾರು ಪರಿಹಾರ ಕೊಡ್ತಾರೆ?

ಒಳ್ಳೆ ಉದ್ದೇಶದಿಂದ ಬಿಟ್ಟ ಮೀನೂ ಕೆಟ್ಟದ್ದು ಮಾಡಬಹುದು, ಅದಕ್ಕೆ ಕಾವೇರಿಯೇ ಸಾಕ್ಷಿ. ನೀಲಿ ರೆಕ್ಕೆಯ ಮಹಶೀರ್ ನಮ್ಮ ಪುಣೆ ಕಡೆಯದು. 1839ರಲ್ಲಿ ಸೈಕ್ಸ್ ಅದನ್ನು ಮೊದಲು ವಿವರಿಸಿದ್ದು ಇಲ್ಲಿನ ಮುಳಾ-ಮುಠಾ ನದಿಯ ಮೀನಿನಿಂದ. ಲೋಣಾವಳದ ಹ್ಯಾಚರಿಯಲ್ಲಿ ಅದರ ಮರಿ ಮಾಡಿ, 1970ರ ದಶಕದಿಂದ ಬೇರೆ ಬೇರೆ ನದಿಗಳಿಗೆ ಕಳಿಸಿದರು, ಕಾವೇರಿಗೂ ಬಿಟ್ಟರು. ಮೀನು ಉಳಿಸಬೇಕು ಅನ್ನೋದೇ ಉದ್ದೇಶ. ಆದರೆ ಕಾವೇರಿಗೆ ತನ್ನದೇ ಮಹಶೀರ್ ಇತ್ತು. ಬೆನ್ನು ಗೂನಿನ, ಕಿತ್ತಳೆ ರೆಕ್ಕೆಯ, 50 ಕೆ.ಜಿ. ಮೀರಿ ಬೆಳೆಯೋ ಮೀನು, ಲೋಕದಲ್ಲಿ ಬೇರೆಲ್ಲೂ ಇಲ್ಲದ್ದು. ಹೊರಗಿನದು ಹೆಚ್ಚಿದಂತೆ ಅದು ಕಾಣೆಯಾಗ್ತಾ ಬಂತು. ಅಣೆಕಟ್ಟು, ಮರಳು, ಡೈನಮೈಟ್ ಇವೂ ಕಾರಣ, ನಿಜ. ಅದರ ವೈಜ್ಞಾನಿಕ ಹೆಸರು ಖಚಿತವಾಗಿದ್ದು 2018ರಲ್ಲಿ, ತೀವ್ರ ಅಪಾಯದ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ನಾಮಕರಣ ಆಗೋ ಹೊತ್ತಿಗೆ ಕೂಸು ಐಸಿಯುನಲ್ಲಿ! ತಿಳಿದವರು, ಪ್ರೀತಿಯಿಂದ, ಎಣಿಸಿ ಬಿಟ್ಟ ಮೀನಿನ ಕಥೆಯೇ ಹೀಗಾದರೆ ಹೆಸರಿಲ್ಲದ ಚೀಲದ ಕಥೆ ಏನು?

"ಕಾಟ್ಲಾ, ರೋಹು ಕೂಡ ಉತ್ತರದಿಂದ ಬಂದವೇ ಅಲ್ವಾ?" ಅಂತ ಒಬ್ಬರು ಬುದ್ಧಿವಂತರು ಕೇಳಿದರು. ಹೌದು. ಆದರೆ ಅವು ನಿಮ್ಮ ಹೊಂಡದಲ್ಲಿ ಮರಿ ಹಾಕಲ್ಲ, ಬೇಟೆಯಾಡಲ್ಲ, ತೆವಳಿ ಹೋಗಲ್ಲ. ಒಂದು ತಪ್ಪು ಹಳೇದು ಅನ್ನೋ ಕಾರಣಕ್ಕೆ ಅದಕ್ಕಿಂತ ಹತ್ತು ಪಟ್ಟು ದೊಡ್ಡ ಹೊಸ ತಪ್ಪಿಗೆ ಪರವಾನಗಿ ಸಿಗಲ್ಲ.

ಈಗ ನಮ್ಮ ಬ್ಯಾಂಕಿನವರ ಸರದಿ. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರ ಬಜೆಟ್‌ನಲ್ಲಿ ಮೀನುಗಾರಿಕೆಗೂ ಬಂತು, 2020ರಲ್ಲಿ ಮತ್ಸ್ಯ ಸಂಪದಾ ಯೋಜನೆಯ ಸಬ್ಸಿಡಿ ಬಂತು. ಫೈಲಿನಲ್ಲಿ ಹೊಂಡದ ಅಳತೆ, ಪ್ಲಾಸ್ಟಿಕ್ ಹಾಳೆಯ ಕೊಟೇಶನ್, ಪಂಪಿನ ಬಿಲ್ಲು ಎಲ್ಲ ಇರುತ್ತೆ. ಮರಿಗೆ ಮಾತ್ರ ಒಂದು ಮೊತ್ತ, ಅಷ್ಟೇ. ಎಮ್ಮೆಗೆ ಸಾಲ ಕೊಡುವಾಗ ಕಿವಿಗೆ ಬಿಲ್ಲೆ ಹಾಕಿಸಿ ಫೋಟೋ ತೆಗೆಸೋ ಬ್ಯಾಂಕು ಮೀನಿನ ಜಾತಿಯನ್ನೂ ಕೇಳಬಾರದಾ? ಒಂದು ಶಾಖೆಯಲ್ಲಿ ನಾನು ಈ ಮಾತು ಎತ್ತಿದಾಗ "ಸರ್, ಟಾರ್ಗೆಟ್ ಮುಗಿಸೋಣ, ಮೀನಿನ ಜಾತಕ ಆಮೇಲೆ ನೋಡೋಣ" ಅಂತ ನಕ್ಕರು. ನಗಲಿ. ಹೊಂಡ ಕೈಕೊಟ್ಟರೆ ಎನ್‌ಪಿಎ ಆಗೋದು ಅದೇ ಖಾತೆ.

ಮಾಡಬೇಕಾದ್ದು ಕಷ್ಟದ್ದೇನಲ್ಲ. ಜಾತಿ, ಅಳತೆ, ಸಂಖ್ಯೆ, ಹ್ಯಾಚರಿಯ ಹೆಸರು ಬರೆದ ಬಿಲ್ಲಿಲ್ಲದೆ ಮರಿ ಕೊಳ್ಳಬೇಡಿ. ಬ್ಯಾಂಕು ಆ ಬಿಲ್ಲಿಲ್ಲದೆ ಮರಿಯ ದುಡ್ಡು ಬಿಡಬಾರದು. ಟೆಂಪೋದವನ ಹಿಂದೆ ಹೋಗೋ ಬದಲು ಜಿಲ್ಲೆಯ ಮೀನುಗಾರಿಕೆ ಇಲಾಖೆಯ ಫಾರ್ಮಿಗೆ ಒಮ್ಮೆ ಹೋಗಿ ಕೇಳಿ. ಒಂದು ಚೀಲ ನಿಮ್ಮ ಕಣ್ಣ ಮುಂದೆ ಎಣಿಸಿಸಿ. ಕೋಡಿಗೆ ಬಲೆ ಕಟ್ಟಿ. ಎಣಿಸೋಕೆ ಒಪ್ಪದವನ ಹತ್ತಿರ, ಜಾತಿ ಹೇಳದವನ ಹತ್ತಿರ ವ್ಯಾಪಾರವೇ ಬೇಡ.

ಇದಿಷ್ಟೂ ಆಗಲ್ಲ ಅನ್ನೋರು ಹೊಂಡದಲ್ಲಿ ನೀರು ಮಾತ್ರ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಗಿಡಕ್ಕಾದರೂ ಆಗುತ್ತೆ. ಏನಂತೀರಿ?