ಮೊದಲೇ ಯಾಕೆ ಬರಲಿಲ್ಲ?

ದಕ್ಷಿಣ ಕನ್ನಡದ ಯಾವುದಾದರೂ ಆರೋಗ್ಯ ಶಿಬಿರದಲ್ಲಿ, ಬೀಡಿ ಕಟ್ಟುವ ಹೆಂಗಸರ ಸಾಲಿನ ಬಳಿ ಸ್ವಲ್ಪ ಹೊತ್ತು ನಿಂತು ನೋಡಿ. "ಇಷ್ಟು ದಿನ ಏನು ಮಾಡ್ತಿದ್ರಿ ಅಮ್ಮಾ? ಮೊದಲೇ ಯಾಕೆ ಬರಲಿಲ್ಲ?" ಎಂದು ವೈದ್ಯರು ಗದರುವುದು ಕೇಳಿಸುತ್ತದೆ. ಆಕೆ ತಲೆ ತಗ್ಗಿಸುತ್ತಾಳೆ. ಸಂಜೆ ಸಮಾರೋಪದಲ್ಲಿ ಶಾಲು ಹೊದ್ದ ಗಣ್ಯರು, ನಮ್ಮ ಹೆಂಗಸರಿಗೆ ತಿಳುವಳಿಕೆ ಸಾಲದು ಎಂದು ಭಾಷಣ ಬಿಗಿಯುತ್ತಾರೆ.

ತಿಳುವಳಿಕೆ ಸಾಲದೆ? ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ ಸಿಗುವುದು. ಮಡಿಲಲ್ಲಿ ಮೊರ ಇಲ್ಲದ ದಿನ ಕೂಲಿಯೂ ಇಲ್ಲ. ಸರಕಾರಿ ಆಸ್ಪತ್ರೆಯ ಚೀಟಿ ಅಗ್ಗ, ನಿಜ. ಸಾಲಿನಲ್ಲಿ ಕಳೆದ ಬೆಳಗಿನ ಹೊತ್ತನ್ನು ಯಾರು ಕಟ್ಟಿಕೊಡುತ್ತಾರೆ? ಸಕ್ಕರೆ ಕಾಯಿಲೆಯವಳಿಗೆ ತಿಂಗಳಿಗೊಮ್ಮೆ ಬಾ ಎಂದರೆ ತಿಂಗಳಿಗೊಂದು ದಿನದ ಕೂಲಿ ಬಿಡು ಎಂದೇ ಅರ್ಥ. 2023ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಬಸ್ಸು ಉಚಿತ. ಅದು ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಕರಾವಳಿಯ ಎಷ್ಟೋ ಊರುಗಳಿಗೆ ಬರುವುದು ಖಾಸಗಿ ಬಸ್ಸು. ಅದರ ಕಂಡಕ್ಟರನಿಗೆ ಆಧಾರ್ ಕಾರ್ಡು ತೋರಿಸಿ ಪ್ರಯೋಜನವಿಲ್ಲ.

ಇನ್ನು 2018ರ ಆಯುಷ್ಮಾನ್ ಕಾರ್ಡು. ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ. ಆದರೆ ಆಸ್ಪತ್ರೆಯಲ್ಲಿ ದಾಖಲಾಗಿ ಮಲಗಬೇಕು. ಖಾಸಗಿ ಡಾಕ್ಟರರ ಫೀಸು, ರಕ್ತ ಪರೀಕ್ಷೆ, ತಿಂಗಳ ಮಾತ್ರೆ ಇದಕ್ಕೆಲ್ಲ ಅದು ನಡೆಯುವುದಿಲ್ಲ. ಮಲಗಿದರೆ ಸರಕಾರ, ನಡೆದಾಡುತ್ತಿದ್ದರೆ ನಿನ್ನ ಸೆರಗಿನ ಗಂಟು! ಹೀಗಿರುವಾಗ ಬೀಳುವವರೆಗೂ ಕಾಯುವವಳನ್ನು ದಡ್ಡಿ ಎನ್ನುವುದು ಯಾವ ನ್ಯಾಯ? ಬೀಡಿ ಕಾರ್ಮಿಕರ ಡಿಸ್ಪೆನ್ಸರಿಗಳಿಗೆಂದು 1976ರ ಕಾನೂನಿನಂತೆ ಬೀಡಿಯ ಮೇಲೆಯೇ ಸೆಸ್ ಇತ್ತು. 2017ರಲ್ಲಿ ಜಿಎಸ್‌ಟಿ ಬಂದಾಗ ಅದೂ ಹೋಯಿತು. ಹೊಗೆಸೊಪ್ಪಿನ ಧೂಳು ಮಾತ್ರ ಹೋಗಲಿಲ್ಲ.

ಸರಕಾರವನ್ನು ಬೈದು ನಾವು ಗಂಡಸರು ಪಾರಾಗುವಂತಿಲ್ಲ. ನಮಗೆ ಮೈ ಬಿಸಿಯಾದರೆ ಸಾಕು, ಬಾಗಿಲಿಗೆ ಆಟೋ ಬರುತ್ತದೆ. ಅವಳು ಅತ್ತೆಯನ್ನು ಕೇಳಬೇಕು, ಗಂಡ ಗಲ್ಫಿನಲ್ಲಿದ್ದರೆ ಫೋನಿನಲ್ಲಿ ಅವನನ್ನೂ ಕೇಳಬೇಕು, ಜೊತೆಗೊಬ್ಬ ಗಂಡು ಹುಡುಗನನ್ನು ಹುಡುಕಬೇಕು. ಅಷ್ಟರಲ್ಲಿ ವಾರ ಕಳೆದಿರುತ್ತದೆ. ಮದ್ದು ಮಾಡಬಾರದೆಂದು ಯಾವ ಕಿತಾಬಿನಲ್ಲೂ ಬರೆದಿಲ್ಲ. ಇದು ಬ್ಯಾರಿಗಳ ಮನೆಯ ಕಥೆ ಎಂದು ಬೇರೆಯವರು ಬೀಗುವುದೂ ಬೇಡ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪೇಟೆಗೆ, ಆಸ್ಪತ್ರೆಗೆ, ಊರಾಚೆಗೆ ಒಬ್ಬಳೇ ಹೋಗಬಲ್ಲ ಮಹಿಳೆಯರು ಈ ದೇಶದಲ್ಲಿ ನೂರಕ್ಕೆ ಸುಮಾರು 42. ಇದು ಎಲ್ಲ ಧರ್ಮದವರನ್ನೂ ಸೇರಿಸಿದ ಲೆಕ್ಕ.

ಕಳೆದ ಸಲದ ಶಿಬಿರಕ್ಕೆ ಮುನ್ನ ನಮ್ಮೂರಿನ ಕಮಿಟಿಯವರಲ್ಲಿ ಒಂದು ಮಾತು ಹೇಳಿದ್ದೆ: ಸಭಾಂಗಣ ಬೇಡ, ಬೀಡಿ ಬ್ರಾಂಚಿನ ಜಗಲಿಯಲ್ಲೇ ಇಡೋಣ. ಕಟ್ಟಿದ ಬೀಡಿ ಕೊಡಲು ಹೇಗೂ ಎಲ್ಲರೂ ಅಲ್ಲಿಗೆ ಬರುತ್ತಾರೆ, ಯಾರ ಕೂಲಿಯೂ ಮುರಿಯುವುದಿಲ್ಲ. ಒಬ್ಬರು ಮೂಗು ಮುರಿದರು. ಅಲ್ಲಿ ಹೊಗೆಸೊಪ್ಪಿನ ಘಾಟು, ಅತಿಥಿಗಳನ್ನು ಕೂರಿಸುವುದು ಹೇಗೆ ಎಂದರು.