ಸೇಡು ತೀರಿದರೂ ತೀರದ ನಂಟು

ಪ್ರೀತಿಸಿದವರು ಕೈಕೊಟ್ಟಾಗ, ಕಟ್ಟಿಕೊಂಡವರು ಮೋಸ ಮಾಡಿದಾಗ ಮನಸ್ಸಿನಲ್ಲಿ ಮೊದಲು ಏಳುವ ಮಾತು ‘ಸುಮ್ಮನೆ ಬಿಡಲ್ಲ, ಬುದ್ಧಿ ಕಲಿಸ್ತೀನಿ’ ಎಂಬುದು. ಬಾಯಿಬಿಟ್ಟು ಹೇಳದವರೂ ಒಳಗೊಳಗೇ ಅಂದುಕೊಂಡಿರುತ್ತಾರೆ. ಒಮ್ಮೆ ಸೇಡು ತೀರಿದರೆ ಲೆಕ್ಕ ಚುಕ್ತಾ ಆಯಿತು, ಆಮೇಲೆ ಅವರ ದಾರಿ ಅವರಿಗೆ, ನಮ್ಮ ದಾರಿ ನಮಗೆ ಎಂಬ ನಂಬಿಕೆ ಅದರ ಬೆನ್ನಿಗಿರುತ್ತದೆ. ಈ ನಂಬಿಕೆಯೇ ಹುಸಿ ಎಂಬುದು ನನ್ನ ವಾದ. ಸಂಗಾತಿಯ ಮೇಲೆ ಹಗೆ ಸಾಧಿಸಲು ಹೊರಟವರು ಮುಗಿದುಹೋದ ಸಂಬಂಧವನ್ನು ಮುಗಿಯಗೊಡದೆ ಹಿಡಿದುಕೊಂಡಿರುತ್ತಾರೆ. ಪ್ರೀತಿಯಿಂದ ಉಳಿಸಿಕೊಳ್ಳಲಾಗದ್ದನ್ನು ದ್ವೇಷದಿಂದಾದರೂ ಉಳಿಸಿಕೊಳ್ಳುವ ಹಟ ಅದು.

ಸೇಡಿನ ಯೋಚನೆ ಹಿತವೆನಿಸುತ್ತದೆ ಎನ್ನುವುದರಲ್ಲಿ ಸಂಶಯವಿಲ್ಲ. ನಂಬಿಕೆದ್ರೋಹ ಮಾಡಿದ ಆಟಗಾರನಿಗೆ ದಂಡ ಹಾಕಲು ನಿರ್ಧರಿಸುವ ಹೊತ್ತಿನಲ್ಲಿ ಜನರ ಮಿದುಳನ್ನು ಸ್ಕ್ಯಾನ್ ಮಾಡಿದ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು, ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗ ಆಗ ಚುರುಕಾಗುವುದನ್ನು 2004ರಲ್ಲಿ ವರದಿ ಮಾಡಿದರು. ಗಮನಿಸಬೇಕಾದದ್ದು ನಿರೀಕ್ಷೆ ಎಂಬುದನ್ನು. ಸೇಡು ತೀರಿದ ಮೇಲೆ ಏನಾಗುತ್ತದೆ? 2008ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಕೆವಿನ್ ಕಾರ್ಲ್‌ಸ್ಮಿತ್, ತಿಮೋಥಿ ವಿಲ್ಸನ್ ಮತ್ತು ಡೇನಿಯಲ್ ಗಿಲ್ಬರ್ಟ್ ಇದನ್ನೇ ಪರೀಕ್ಷಿಸಿದರು. ಹಣದ ಆಟವೊಂದರಲ್ಲಿ ಎಲ್ಲರ ಪಾಲನ್ನು ಕಬಳಿಸಿದವನಿಗೆ ದಂಡ ವಿಧಿಸುವ ಅವಕಾಶವನ್ನು ಕೆಲವರಿಗೆ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ದಂಡ ವಿಧಿಸಿದರೆ ಮನಸ್ಸು ಹಗುರಾಗುತ್ತದೆ ಎಂದೇ ಜನ ಊಹಿಸಿದ್ದರು. ಆದದ್ದು ತಿರುಗುಮುರುಗು. ದಂಡ ವಿಧಿಸಿದವರು ಹೆಚ್ಚು ಬೇಸರದಲ್ಲಿದ್ದರು, ಆ ಮೋಸಗಾರನನ್ನೇ ಹೆಚ್ಚು ನೆನೆಯುತ್ತಿದ್ದರು. ಅವಕಾಶ ಸಿಗದವರು ‘ಹೋಗಲಿ, ಅಷ್ಟು ದೊಡ್ಡ ವಿಷಯವೇನಲ್ಲ’ ಎಂದು ಮುಂದೆ ಸಾಗಿದ್ದರು. ಅಪರಿಚಿತರ ಜೊತೆಗಿನ ಆಟಕ್ಕೂ ಮದುವೆಗೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಮತ್ತೆಂದೂ ಕಾಣದ ಮುಖವೇ ದಂಡ ಕೊಟ್ಟ ಮೇಲೂ ತಲೆಯಿಂದ ಇಳಿಯದಿದ್ದರೆ, ವರ್ಷಗಟ್ಟಲೆ ಜೊತೆಗಿದ್ದ ಮುಖ ಅಷ್ಟು ಸುಲಭವಾಗಿ ಇಳಿದೀತೆ? ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು, ಪ್ರೇಮಿಯಿಂದ ತಿರಸ್ಕೃತರಾದ 15 ಮಂದಿಗೆ ಆ ಪ್ರೇಮಿಯ ಫೋಟೊ ತೋರಿಸಿ ನಡೆಸಿದ ಅಧ್ಯಯನವನ್ನು 2010ರಲ್ಲಿ ಪ್ರಕಟಿಸಿದರು. ಕೊಕೇನ್ ಚಟದ ತುಡಿತದಲ್ಲಿ ಕೆಲಸ ಮಾಡುವ ಮಿದುಳಿನ ಭಾಗಗಳೇ ಅಲ್ಲಿಯೂ ಜಾಗೃತವಾಗಿದ್ದವು. ಹಂಬಲ ಇನ್ನೂ ಆರಿರದ ಆ ಸ್ಥಿತಿಯಲ್ಲಿ ಕೈಗೊಳ್ಳುವ ಸೇಡು ಬಿಡುಗಡೆಯ ದಾರಿಯಾಗುವುದು ಕಷ್ಟ.

ಹಾಗಾದರೆ ಸೇಡು ತೀರಿಸಿಕೊಳ್ಳುವವರಿಗೆ ನಿಜವಾಗಿ ಬೇಕಿರುವುದೇನು? ಜರ್ಮನಿಯ ಮನೋವಿಜ್ಞಾನಿ ಮಾರಿಯೊ ಗೋಲ್‌ವಿಟ್ಸರ್ ಅವರ ಪ್ರಯೋಗಗಳು ಇದಕ್ಕೊಂದು ಉತ್ತರ ಕೊಡುತ್ತವೆ. ಎದುರಿನವರು ನರಳಿದ ಮಾತ್ರಕ್ಕೆ ಸೇಡಿಗೆ ತೃಪ್ತಿಯಿಲ್ಲ. ತಾನು ಮಾಡಿದ ತಪ್ಪಿಗೆ ಇದು ಬಂದಿದೆ ಎಂದು ಅವರು ಅರಿತು ಒಪ್ಪಿಕೊಂಡಾಗಲೇ ಸಮಾಧಾನ. ಅಂದರೆ ‘ನನಗೆಷ್ಟು ನೋವಾಯಿತೆಂದು ನಿನಗೆ ಗೊತ್ತಾಗಲಿ’ ಎಂಬುದೇ ಸೇಡಿನ ಒಳಮಾತು. ಪ್ರೇಮಿಗಳ ನಡುವೆ ಈ ಹಸಿವು ಇನ್ನೂ ತೀವ್ರ, ಏಕೆಂದರೆ ನಮ್ಮನ್ನು ಅರ್ಥಮಾಡಿಕೊಳ್ಳಬೇಕೆಂದು ನಾವು ಬಯಸಿದ್ದೇ ಆ ಒಬ್ಬರಿಂದ. ಆದರೆ ಪೆಟ್ಟು ತಿಂದವರು ತಮ್ಮ ತಪ್ಪನ್ನು ನೆನೆಯುವುದಿಲ್ಲ, ತಮಗಾದ ಗಾಯವನ್ನು ನೆನೆಯುತ್ತಾರೆ. ನೋವು ಕೊಟ್ಟವರಿಗೆ ಅದು ಚಿಕ್ಕದಾಗಿಯೂ ಉಂಡವರಿಗೆ ದೊಡ್ಡದಾಗಿಯೂ ಕಾಣುತ್ತದೆ ಎಂಬ ಅಂತರವನ್ನು ಮನೋವಿಜ್ಞಾನಿ ರಾಯ್ ಬೌಮೈಸ್ಟರ್ ವಿವರಿಸಿದ್ದಾರೆ. ಒಂದೇ ಸೂರಿನಡಿ ಇರುವ ದಂಪತಿಯ ಸಣ್ಣಪುಟ್ಟ ಸೇಡುಗಳಲ್ಲಿ ಇದು ದಿನವೂ ಕಾಣುತ್ತದೆ. ಅವಳು ನೆಂಟರೆದುರು ಹಂಗಿಸಿದಳೆಂದು ಅವನು ವಾರಗಟ್ಟಲೆ ಮಾತು ಬಿಡುತ್ತಾನೆ, ಅವನು ಮಾತು ಬಿಟ್ಟನೆಂದು ಅವಳು ಅವನ ತಾಯಿಯನ್ನು ಮಾತನಾಡಿಸುವುದಿಲ್ಲ, ಅದಕ್ಕೆ ಅವನು ಅವಳ ತವರನ್ನು ಎಳೆದು ತರುತ್ತಾನೆ. ತಾವು ಮುಯ್ಯಿ ತೀರಿಸಿದೆವೆಂದು ಇಬ್ಬರಿಗೂ ಅನ್ನಿಸುತ್ತದೆ, ಬಾಕಿ ಮಾತ್ರ ಬೆಳೆಯುತ್ತಲೇ ಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ನಿಜವಾಗಿಯೂ ನೋವುಂಡವರ ಕುರಿತು. ನಿರಾಕರಣೆಗೆ ಪ್ರತಿಯಾಗಿ ನಡೆಯುವ ದಾಳಿಗಳನ್ನು ಈ ಸಾಲಿನಲ್ಲಿ ಕೂರಿಸಬಾರದು. ಒಲ್ಲೆ ಎನ್ನುವುದು, ಬಿಟ್ಟು ಹೋಗುವುದು ಯಾರಿಗೂ ಮಾಡಿದ ಅನ್ಯಾಯವಲ್ಲ. ಪಶ್ಚಿಮ ಬಂಗಾಳದ ತಮ್ಲುಕ್‌ನ ನ್ಯಾಯಾಲಯ 2018ರಲ್ಲಿ ಯುವಕನೊಬ್ಬನಿಗೆ ಐದು ವರ್ಷ ಜೈಲು ವಿಧಿಸಿತು. ಸಂಬಂಧ ಮುಂದುವರಿಸಲು ಒಪ್ಪದ ಯುವತಿಯ ಖಾಸಗಿ ಚಿತ್ರಗಳನ್ನು ಅವನು ಅಶ್ಲೀಲ ಜಾಲತಾಣಕ್ಕೆ ಏರಿಸಿದ್ದ. ಏರಿಸುವ ಮೊದಲು ಅವೇ ಚಿತ್ರಗಳನ್ನು ತೋರಿಸಿ ಬೆದರಿಸಿದ್ದ. ಅವಳು ಹೋಗದಂತೆ ಕಟ್ಟಿಹಾಕುವ ಹಗ್ಗವಾಗಿದ್ದವು ಅವು. ಹಗ್ಗ ಸಾಲದೆ ಬಂದಾಗ ಅದೇ ಆಯುಧವಾಯಿತು. ಆ್ಯಸಿಡ್ ಎರಚುವವನ ಮನಸ್ಸೂ ಇದೇ: ತನ್ನನ್ನು ಬಿಟ್ಟವಳು ಕನ್ನಡಿ ನೋಡಿದಾಗಲೆಲ್ಲ ತನ್ನನ್ನೇ ನೆನೆಯಬೇಕು.

ಸೇಡಿಗೂ ಒಂದು ಉಪಯೋಗವಿದೆ, ಕೆಣಕಿದರೆ ಸುಮ್ಮನಿರುವುದಿಲ್ಲ ಎಂಬ ಭಯ ಹುಟ್ಟಿಸಲೆಂದೇ ಅದು ಮನುಷ್ಯ ಸ್ವಭಾವದಲ್ಲಿ ಉಳಿದು ಬಂದಿದೆ ಎಂದು ಮನೋವಿಜ್ಞಾನಿ ಮೈಕೆಲ್ ಮೆಕಲ್ಲೊ ಅವರಂಥವರು ವಾದಿಸುತ್ತಾರೆ. ಪೊಲೀಸರಿಲ್ಲದ, ನೆರೆಯವರೊಡನೆ ನಾಳೆಯೂ ಏಗಬೇಕಾದ ಕಾಲಕ್ಕೆ ಇದು ಒಪ್ಪುವ ಮಾತು. ಆದರೆ ಬಿಟ್ಟು ಹೋದವರೊಡನೆ ನಾಳೆಯ ವ್ಯವಹಾರವೇ ಇಲ್ಲ. ಜೊತೆಯಲ್ಲೇ ಇರುವವರನ್ನು ಭಯದಲ್ಲಿ ಇಟ್ಟುಕೊಂಡರೆ ಅದನ್ನು ದಾಂಪತ್ಯವೆನ್ನಲಾಗದು. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಸೇಡು ಬೇಡ ಎನ್ನುವುದು ಹೆಣ್ಣುಮಕ್ಕಳಿಗೆ ತಲೆತಲಾಂತರದಿಂದ ಹೇಳುತ್ತ ಬಂದ ‘ಸಹಿಸಿಕೋ, ಹೊಂದಿಕೊಂಡು ಹೋಗು’ ಎಂಬ ಉಪದೇಶದ ಇನ್ನೊಂದು ರೂಪವಲ್ಲವೆ? ಅಲ್ಲ ಎಂದು ಖಡಾಖಂಡಿತವಾಗಿ ಹೇಳಬೇಕು. ದೂರು ಕೊಡುವುದು, ಜೀವನಾಂಶ ಕೇಳುವುದು, ವಿಚ್ಛೇದನ ಪಡೆಯುವುದು ಸೇಡಲ್ಲ. ನಿನಗೆ ಅನ್ಯಾಯವಾಗಿದೆ ಎಂಬ ಮಾತನ್ನು ಅನ್ಯಾಯ ಮಾಡಿದವರ ಬಾಯಿಂದಲೇ ಕೇಳಬೇಕೆಂದು ಕಾಯುವ ಗತಿಯನ್ನು ನ್ಯಾಯಾಲಯ ತಪ್ಪಿಸುತ್ತದೆ. ಮೂರನೆಯವರೊಬ್ಬರು ಆ ಮಾತನ್ನು ಅಧಿಕಾರದಿಂದ ಹೇಳುತ್ತಾರೆ.

ಅದಕ್ಕೇ ಆ ಮೂರನೆಯವರು ತಡಮಾಡುವುದು, ಠಾಣೆಯಲ್ಲಿ ರಾಜಿ ಮಾಡಿಸಿ ಕಳಿಸುವುದು ನನಗೆ ಸಣ್ಣ ಲೋಪವಾಗಿ ಕಾಣುವುದಿಲ್ಲ. ಕಾನೂನು ಇಲ್ಲವೆಂದಲ್ಲ: ದಂಡಸಂಹಿತೆಯ 2013ರ ತಿದ್ದುಪಡಿ ಆ್ಯಸಿಡ್ ದಾಳಿಗೆ ಕನಿಷ್ಠ 10 ವರ್ಷದ ಶಿಕ್ಷೆಯನ್ನು ತಂದಿತು. ಅದೇ ವರ್ಷ ಸುಪ್ರೀಂ ಕೋರ್ಟ್, ಕೊಳ್ಳುವವರ ಗುರುತಿನ ಚೀಟಿ ನೋಡದೆ, ವಿವರ ಬರೆದುಕೊಳ್ಳದೆ ಆ್ಯಸಿಡ್ ಮಾರಬಾರದೆಂದು ಆದೇಶಿಸಿತು. ಸೇಡಿನ ಸುಖವೆಲ್ಲ ನಿರೀಕ್ಷೆಯಲ್ಲೇ ಇರುವುದರಿಂದ, ಆ ಉನ್ಮಾದದ ಹೊತ್ತಿನಲ್ಲಿ ಕೈಗೆ ಬಾಟಲಿ ಸಿಗದಂತೆ ನೋಡಿಕೊಳ್ಳುವ ಈ ಆದೇಶ ಶಿಕ್ಷೆಯ ಕಲಮಿನಷ್ಟೇ ಮುಖ್ಯ. ಅಂಗಡಿಗಳಲ್ಲಿ ಅದು ಪಾಲನೆಯಾಗುತ್ತಿದೆಯೇ ಎಂದು ಜಿಲ್ಲಾಡಳಿತಗಳು ಬಿಡದೆ ತಪಾಸಣೆ ಮಾಡಬೇಕು. ಬೆದರಿಕೆಯ ಮೊದಲ ಸಂದೇಶ ಹಿಡಿದು ಠಾಣೆಗೆ ಬಂದ ಹುಡುಗಿಯನ್ನು ‘ಏನೂ ಆಗಿಲ್ಲವಲ್ಲ’ ಎಂದು ವಾಪಸು ಕಳಿಸುವುದು ನಿಲ್ಲಬೇಕು.