ನಿದ್ದೆಗೆಟ್ಟ ವೈದ್ಯರು, ಲೆಕ್ಕಕ್ಕೆ ಬಾರದ ವೆಚ್ಚ

ಸರ್ಕಾರಿ ಬೋಧನಾ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ನಡುರಾತ್ರಿಯಲ್ಲಿ ಹೋದವರಿಗೆ ಮೊದಲು ಎದುರಾಗುವವರು ಹಿರಿಯ ಪ್ರಾಧ್ಯಾಪಕರಲ್ಲ. ಸ್ನಾತಕೋತ್ತರ ವ್ಯಾಸಂಗದಲ್ಲಿರುವ ನಿವಾಸಿ ವೈದ್ಯರು, ಆಡುಮಾತಿನ ‘ಪಿ.ಜಿ. ಡಾಕ್ಟರು’. ರೋಗಿಯ ನಾಡಿ ಹಿಡಿಯುವವರು, ರಕ್ತಕ್ಕಾಗಿ ಚೀಟಿ ಬರೆಯುವವರು, ಸಾವಿನ ಸುದ್ದಿಯನ್ನು ಬಂಧುಗಳಿಗೆ ತಿಳಿಸಿ ಅವರ ಸಿಟ್ಟಿಗೆ ಮೊದಲು ಗುರಿಯಾಗುವವರು ಇವರೇ. ಇವರು ಎಷ್ಟು ಹೊತ್ತಿನಿಂದ ಕರ್ತವ್ಯದಲ್ಲಿದ್ದಾರೆ, ಕಡೆಯ ಸಲ ಯಾವಾಗ ನಿದ್ರಿಸಿದರು ಎಂಬುದನ್ನು ರೋಗಿಯೂ ಕೇಳುವುದಿಲ್ಲ, ಸರ್ಕಾರವೂ ಕೇಳುವುದಿಲ್ಲ.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಕರ್ತವ್ಯನಿರತ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬರ ಮೇಲೆ ಅತ್ಯಾಚಾರ ನಡೆದು, ಕೊಲೆಯೂ ಆದಾಗ ಈ ಪ್ರಶ್ನೆ ಕೆಲಕಾಲ ದೇಶದ ಮುಂದೆ ಬಂದಿತು. ಅವರ ದೇಹ ಸಿಕ್ಕಿದ್ದು ಸೆಮಿನಾರ್ ಕೊಠಡಿಯಲ್ಲಿ. ರಾತ್ರಿ ಪಾಳಿಯ ವೈದ್ಯರಿಗೆ ವಿಶ್ರಾಂತಿ ಕೊಠಡಿಗಳ ಕೊರತೆಯಿರುವುದನ್ನು ಸುಪ್ರೀಂ ಕೋರ್ಟ್ ಗುರುತಿಸಿತು; 36 ಗಂಟೆಗಳವರೆಗಿನ ಪಾಳಿಗಳ ಬಗ್ಗೆ ಕಳವಳ ವ್ಯಕ್ತಪಡಿಸಿ, ರಾಷ್ಟ್ರೀಯ ಕಾರ್ಯಪಡೆಯನ್ನು ರಚಿಸಿತು. 2025ರ ಜನವರಿಯಲ್ಲಿ ಅಪರಾಧಿಗೆ ಜೀವಾವಧಿ ಶಿಕ್ಷೆಯಾಯಿತು. ಭದ್ರತೆಯ ಚರ್ಚೆ ನಡೆದಷ್ಟು ದುಡಿಮೆಯ ಅವಧಿಯ ಚರ್ಚೆ ಮುಂದುವರಿಯಲಿಲ್ಲ.

ಹಾಗೆಂದು ನಿಯಮವೇ ಇಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯವು 1992ರ ಜೂನ್‌ನಲ್ಲಿ ಹೊರಡಿಸಿದ ನಿವಾಸಿ ವೈದ್ಯರ ಯೋಜನೆಯ ಆದೇಶದ ಪ್ರಕಾರ ಕಿರಿಯ ನಿವಾಸಿ ವೈದ್ಯರ ಕೆಲಸ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರುವಂತಿಲ್ಲ. ಆದರೆ ಅದರಲ್ಲಿಯೇ ‘ಸಾಮಾನ್ಯವಾಗಿ’ ಎಂಬ ಪದವಿದೆ. ಅವಧಿ ಹೊಂದಾಣಿಕೆಗೆ ಒಳಪಟ್ಟಿರುತ್ತದೆಂಬ ಷರತ್ತೂ ಇದೆ. ಆಡಳಿತದಲ್ಲಿ ದುಡಿದವರಿಗೆ ಇಂತಹ ಪದಗಳ ಶಕ್ತಿ ಗೊತ್ತು. ಆದೇಶವನ್ನು ಉಲ್ಲಂಘಿಸದೆಯೇ ಪಾಲಿಸದಿರಲು ಅವು ದಾರಿ ಮಾಡಿಕೊಡುತ್ತವೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಸ್ನಾತಕೋತ್ತರ ಶಿಕ್ಷಣ ನಿಯಮಾವಳಿಯಲ್ಲಂತೂ ‘ಸಮಂಜಸ ಅವಧಿಯ ಕೆಲಸ’ ಎಂಬ ಮಾತು ಮಾತ್ರ ಇದೆ. ಮರುವರ್ಷ ಅದೇ ಆಯೋಗದ ಕಾರ್ಯಪಡೆಯು ವಾರಕ್ಕೆ 74 ಗಂಟೆಗಳ ಮಿತಿಯನ್ನು ಶಿಫಾರಸು ಮಾಡಿತು. ಮೂರು ದಶಕಗಳಲ್ಲಿ 48 ಎಂಬ ಅಂಕಿ ಮೊದಲು ‘ಸಮಂಜಸ’ವಾಗಿ ಕರಗಿತು, ಬಳಿಕ 74 ಆಗಿ ಮರಳಿತು. ಆ 74 ಗಂಟೆಯೇ ಸಿಕ್ಕರೆ ಸಾಕೆನ್ನುವ ಸ್ಥಿತಿಯಲ್ಲಿ ಅನೇಕ ವಿಭಾಗಗಳ ವೈದ್ಯರಿದ್ದಾರೆ.

ಇದಕ್ಕೆ ಕಾರಣ ಕೇವಲ ನಿರ್ಲಕ್ಷ್ಯವಲ್ಲ, ಹಣಕಾಸು. ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಸೇವೆಯಲ್ಲಿದ್ದಾಗ ಕೆಲಕಾಲ ಹೊಸ ಹುದ್ದೆಗಳ ಪ್ರಸ್ತಾವನೆಗಳನ್ನು ಪರಿಶೀಲಿಸುವ ಹೊಣೆ ನನ್ನ ಮೇಲಿತ್ತು. ಬೋಧನಾ ಆಸ್ಪತ್ರೆಯೊಂದರಿಂದ ಹಿರಿಯ ನಿವಾಸಿ ವೈದ್ಯರ ಕೆಲವು ಹುದ್ದೆಗಳಿಗೆ ಬೇಡಿಕೆ ಬಂದಿತು. ‘ಈಗಿರುವ ಸಿಬ್ಬಂದಿಯಿಂದಲೇ ಕಾರ್ಯನಿರ್ವಹಣೆ ಆಗುತ್ತಿರುವುದರಿಂದ ಹೆಚ್ಚುವರಿ ಹುದ್ದೆಗಳ ಅಗತ್ಯ ಕಂಡುಬರುವುದಿಲ್ಲ’ ಎಂದು ಷರಾ ಬರೆದು ಕಡತವನ್ನು ಹಿಂದಿರುಗಿಸಿದೆ. ಮಿತವ್ಯಯ ಸಾಧಿಸಿದ ತೃಪ್ತಿಯೂ ಆಗಿತ್ತು. ಕಾರ್ಯನಿರ್ವಹಣೆ ಯಾರಿಂದ, ದಿನಕ್ಕೆ ಎಷ್ಟು ಗಂಟೆಗಳ ದುಡಿಮೆಯಿಂದ ಆಗುತ್ತಿದೆ ಎಂದು ನಾನು ಕೇಳಲಿಲ್ಲ. ಅದನ್ನು ನಮೂದಿಸಲು ಕಡತದಲ್ಲಿ ಅಂಕಣವೂ ಇರಲಿಲ್ಲ.

ಲೆಕ್ಕ ಸರಳವಾಗಿದೆ. ಉದಾಹರಣೆಗೆ, ವಿಭಾಗವೊಂದರಲ್ಲಿ 12 ಮಂದಿ ವಾರಕ್ಕೆ 80 ಗಂಟೆ ದುಡಿದರೆ ಒಟ್ಟು 960 ಗಂಟೆ. ವಾರಕ್ಕೆ 48 ಗಂಟೆಯಂತೆ ಅದೇ ಕೆಲಸಕ್ಕೆ 20 ಮಂದಿ ಬೇಕು. ಅಂದರೆ ಎಂಟು ಹುದ್ದೆಗಳ ವೇತನವನ್ನು ಸರ್ಕಾರ ಉಳಿಸಿದಂತಾಯಿತು. ಆದರೆ ಆ ಹೊರೆ ಮಾಯವಾಗಲಿಲ್ಲ. ಆ 12 ಮಂದಿಯ ನಿದ್ರೆ, ಆರೋಗ್ಯ, ಓದಿನ ಸಮಯದ ಮೇಲೆ ವರ್ಗಾವಣೆಯಾಯಿತು. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಇದು ಬಜೆಟ್ಟಿನಲ್ಲಿ ತೋರದ ಸಹಾಯಧನ. ಅದನ್ನು ನೀಡುತ್ತಿರುವವರು ಶಿಷ್ಯವೇತನ ಪಡೆಯುವ ವಿದ್ಯಾರ್ಥಿಗಳು. ಹೆಚ್ಚುವರಿ ಗಂಟೆಗೆ ಬೆಲೆಯೇ ಇಲ್ಲದಿದ್ದಾಗ ಅದರ ಬಳಕೆಗೆ ಮಿತಿಯೂ ಇರುವುದಿಲ್ಲ. ಸಾರ್ವಜನಿಕ ಆರೋಗ್ಯ ವೆಚ್ಚವನ್ನು 2025ರ ಹೊತ್ತಿಗೆ ಜಿಡಿಪಿಯ ಶೇ 2.5ಕ್ಕೆ ಏರಿಸುವುದಾಗಿ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತ್ತು. 2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಲ್ಲಿ ಅದು ಶೇ 1.84 ಮಾತ್ರ. ಈ ಅಂತರವನ್ನು ಯಾರಾದರೂ ತುಂಬಲೇಬೇಕು. ಒಂದು ಪಾಲನ್ನು ರೋಗಿಗಳು ಜೇಬಿನಿಂದ ತುಂಬಿದರೆ, ಇನ್ನೊಂದು ಪಾಲನ್ನು ಕಿರಿಯ ವೈದ್ಯರು ಮೈಮುರಿದು ತುಂಬುತ್ತಿದ್ದಾರೆ.

ಇದರ ಪರಿಣಾಮ ಕಣ್ಣಿಗೆ ಕಾಣದೇ ಇಲ್ಲ. ಐದು ವರ್ಷಗಳಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡಿದ್ದು, ಅವರಲ್ಲಿ 58 ಮಂದಿ ಸ್ನಾತಕೋತ್ತರ ವಿದ್ಯಾರ್ಥಿಗಳೆಂದು ಮಾಹಿತಿ ಹಕ್ಕಿನಡಿ ಆಯೋಗವೇ ತಿಳಿಸಿದ್ದು 2024ರಲ್ಲಿ ವರದಿಯಾಗಿತ್ತು. ಪ್ರತಿ ಸಾವಿನ ಕಾರಣವೂ ಬೇರೆಯಿರಬಹುದು. ಆದರೂ ಈ ಸಂಖ್ಯೆಯ ಮುಂದೆ ‘ಒತ್ತಡ ಸಹಜ’ ಎಂದು ಸುಮ್ಮನಿರಲಾಗದು.

ಶಿಕ್ಷಣದ ಗುಣಮಟ್ಟಕ್ಕೂ ಇದೇ ನಂಟು. 2014ರಲ್ಲಿ 387ರಷ್ಟಿದ್ದ ವೈದ್ಯಕೀಯ ಕಾಲೇಜುಗಳು 2024ರ ವೇಳೆಗೆ 700 ದಾಟಿದವು. ಸುಮಾರು 51 ಸಾವಿರವಿದ್ದ ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಮೀರಿದವು. ನಮ್ಮ ರಾಜ್ಯದ ಹಲವೆಡೆ ಜಿಲ್ಲಾಸ್ಪತ್ರೆಗಳೇ ಬೋಧನಾ ಆಸ್ಪತ್ರೆಗಳಾಗಿವೆ. ಈ ವಿಸ್ತರಣೆ ಸ್ವಾಗತಾರ್ಹ. ಆದರೆ ಕಟ್ಟಡ ಕಟ್ಟಿದಷ್ಟು ಬೇಗ ಗುರುಗಳನ್ನು ಸೃಷ್ಟಿಸಲಾಗದು. 2025ರ ಜುಲೈನಲ್ಲಿ ಬೋಧಕರ ಅರ್ಹತೆಯನ್ನು ಸಡಿಲಿಸಿ, 220 ಹಾಸಿಗೆಗಳಿಗಿಂತ ಹೆಚ್ಚಿನ ಸರ್ಕಾರಿ ಆಸ್ಪತ್ರೆಗಳ ಅನುಭವಿ ತಜ್ಞರೂ ಬೋಧಿಸಲು ಆಯೋಗ ಅವಕಾಶ ನೀಡಿದ್ದೇ ಬೋಧಕರ ಕೊರತೆಗೆ ಸಾಕ್ಷಿ. ಗುರು ಇಲ್ಲದ ವಾರ್ಡಿನಲ್ಲಿ ವಿದ್ಯಾರ್ಥಿಯು ಕಲಿಯುವವನಾಗಿ ಉಳಿಯುವುದಿಲ್ಲ, ಕೊರತೆ ತುಂಬುವ ಆಳಾಗುತ್ತಾನೆ.

‘ನಾವೂ ಹೀಗೆಯೇ ದುಡಿದು ಕಲಿತವರು’ ಎನ್ನುವ ಹಿರಿಯ ವೈದ್ಯರಿದ್ದಾರೆ. ಪಾಳಿ ಚಿಕ್ಕದಾದಷ್ಟೂ ರೋಗಿ ಕೈಯಿಂದ ಕೈಗೆ ದಾಟುತ್ತಾನೆ, ಮಾಹಿತಿ ಸೋರಿಹೋಗುತ್ತದೆ ಎಂಬ ಅವರ ಆತಂಕದಲ್ಲಿ ಹುರುಳಿದೆ. ಆದರೆ ಅದಕ್ಕೆ ಪರಿಹಾರ ಶಿಸ್ತುಬದ್ಧ ಹಸ್ತಾಂತರವೇ ಹೊರತು ನಿದ್ದೆಗೆಟ್ಟ ವೈದ್ಯರಲ್ಲ. ನ್ಯೂಯಾರ್ಕ್‌ನಲ್ಲಿ 1984ರಲ್ಲಿ ನಿವಾಸಿ ವೈದ್ಯರ ಆರೈಕೆಯಲ್ಲಿದ್ದ 18ರ ಯುವತಿಯೊಬ್ಬಳ ಸಾವು ದೊಡ್ಡ ವಿವಾದವಾಗಿ, 1989ರಲ್ಲಿ ಆ ರಾಜ್ಯ ವಾರಕ್ಕೆ 80 ಗಂಟೆಗಳ ಮಿತಿ ಹೇರಿತು. 2003ರಲ್ಲಿ ಅದು ಅಮೆರಿಕದಾದ್ಯಂತ ವಿಸ್ತರಿಸಿತು. ಯುರೋಪಿನ ಒಕ್ಕೂಟದಲ್ಲಿ ಕಿರಿಯ ವೈದ್ಯರಿಗೆ 48 ಗಂಟೆಗಳ ಸರಾಸರಿ ಮಿತಿ 2009ರಲ್ಲಿ ಜಾರಿಗೆ ಬಂದಿತು. ಅಲ್ಲಿಯೂ ಪಾಲನೆ ಪರಿಪೂರ್ಣವಲ್ಲ. ಆದರೆ ಮಿತಿಯೆಂಬುದು ಅಂಕಿಯಲ್ಲಿದೆ.

ನಮ್ಮಲ್ಲಿ ಆಗಬೇಕಾದುದು ಹೊಸ ಸಮಿತಿಯಲ್ಲ. ಮೊದಲನೆಯದಾಗಿ, ಬೋಧಕರ ಹಾಜರಾತಿಯನ್ನು ಯಂತ್ರದಲ್ಲಿ ದಾಖಲಿಸುವ ಆಯೋಗವು ನಿವಾಸಿ ವೈದ್ಯರ ಕರ್ತವ್ಯದ ಗಂಟೆಗಳನ್ನೂ ದಾಖಲಿಸಿ, ವಿಭಾಗವಾರು ಪ್ರಕಟಿಸಲಿ. ಎರಡನೆಯದಾಗಿ, ಪ್ರತಿ ಹೊಸ ಸೀಟಿನ ಮಂಜೂರಾತಿಯೊಂದಿಗೆ ಹಿರಿಯ ನಿವಾಸಿ ವೈದ್ಯರ, ಶುಶ್ರೂಷಕರ, ಗುಮಾಸ್ತರ ಹುದ್ದೆಗಳೂ ಮಂಜೂರಾಗಲಿ. ರಕ್ತದ ಮಾದರಿ ಹೊತ್ತೊಯ್ಯುವ ಕೆಲಸಕ್ಕೆ ತಜ್ಞರಾಗಲಿರುವ ವೈದ್ಯರು ಬೇಕಿಲ್ಲ. ಮೂರನೆಯದಾಗಿ, ‘ಸಾಮಾನ್ಯವಾಗಿ’, ‘ಸಮಂಜಸ’ ಎಂಬ ಪದಗಳು ನಿಯಮಾವಳಿಯಿಂದ ಹೊರಹೋಗಿ, ಮೀರಿದರೆ ಸಂಸ್ಥೆಯೇ ಉತ್ತರಿಸಬೇಕಾದ ಅಂಕಿಯೊಂದು ಅಲ್ಲಿ ಬರಲಿ.

ಇದಕ್ಕೆಲ್ಲ ಹಣ ಬೇಕು ಎಂಬ ಆಕ್ಷೇಪ ಬಂದೇ ಬರುತ್ತದೆ. ಆ ಸ್ಥಾನದಲ್ಲಿ ಕುಳಿತು ನಾನೂ ಅದನ್ನೇ ಬರೆದಿದ್ದೆ. ಆದರೆ ಆ ಹಣವನ್ನು ನಾವು ಈಗಲೂ ಬೇರೊಂದು ರೂಪದಲ್ಲಿ ತೆರುತ್ತಲೇ ಇದ್ದೇವೆ. ಮುಂದೊಮ್ಮೆ ಅಂತಹ ಕಡತ ಮೇಜಿಗೆ ಬಂದಾಗ, ಷರಾ ಬರೆಯುವ ಮುನ್ನ ನನ್ನ ಕಿರಿಯ ಸಹೋದ್ಯೋಗಿಗಳು ಆಸ್ಪತ್ರೆಯ ಪಾಳಿಪಟ್ಟಿಯನ್ನೊಮ್ಮೆ ತರಿಸಿ ನೋಡಲಿ.